ಕೆ. ಕೆ. ಹೆಬ್ಬಾರರ ‘ಹಾಡುವ ರೇಖೆ’ ಹುಟ್ಟಿದ್ದೆಲ್ಲಿ?

ಕರಾವಳಿಯ ಚಿತ್ರಕಲಾ ಶಿಕ್ಷಕ

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ವರ್ಣಚಿತ್ರಗಳ ಬಗ್ಗೆ ನಮ್ಮಲ್ಲಿ ಆಗಾಗ ಮಾತು ನಡೆಯುತ್ತದೆ. ಅವರ ರೇಖಾಚಿತ್ರಗಳ ಬಗ್ಗೆ ನಡೆಯುವುದು ಕಡಿಮೆ. ‘ಸಿಂಗಿಂಗ್ ಲೈನ್’, ಅಂದರೆ ಹಾಡುವ ರೇಖೆ, ಎಂದೇ ಹೆಸರಾದ ಆ ಚಿತ್ರಗಳಲ್ಲಿ ಬಣ್ಣವಿಲ್ಲ, ನೆರಳು ತುಂಬುವ ಕೆಲಸವಿಲ್ಲ, ಹಿನ್ನೆಲೆಯೂ ಹೆಚ್ಚುಕಡಿಮೆ ಇಲ್ಲ. ಬಿಳಿ ಕಾಗದದ ಮೇಲೆ ಕೆಲವೇ ಗೆರೆಗಳು ಓಡಿ, ಬಾಗಿ, ಒಮ್ಮೊಮ್ಮೆ ನಡುವೆ ಕಡಿದು, ಮತ್ತೆ ಹತ್ತಿಕೊಂಡು ಒಬ್ಬ ನರ್ತಕಿಯನ್ನೋ ಒಬ್ಬ ವಾದಕನನ್ನೋ ನಮ್ಮೆದುರು ನಿಲ್ಲಿಸಿಬಿಡುತ್ತವೆ.

ನಾನು ಈ ವಿಷಯವನ್ನು ಎತ್ತಲು ನನ್ನ ತರಗತಿಯೇ ಕಾರಣ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಹೆಬ್ಬಾರರ ನರ್ತಕಿಯ ರೇಖಾಚಿತ್ರವೊಂದರ ಅಚ್ಚುಪ್ರತಿಯನ್ನು ಕೊಟ್ಟು ನಕಲು ಮಾಡಲು ಹೇಳಿದೆ. ಕೆಲವರು ಅದನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಗೆರೆಯ ಮೇಲೆಯೇ ಗೆರೆ ಎಳೆದು ತಂದರು. ಆಕಾರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆದರೂ ಮೂಲದ ನರ್ತಕಿ ತಿರುಗುತ್ತಿದ್ದಳು, ಮಕ್ಕಳ ನರ್ತಕಿ ನಿಂತುಬಿಟ್ಟಿದ್ದಳು. ಒಬ್ಬ ಹುಡುಗಿ ಎದ್ದುನಿಂತು, “ಸರ್, ಗೆರೆ ಅದೇ ಅಲ್ವಾ, ಮತ್ತೆ ಯಾಕೆ ಹೀಗೆ?” ಎಂದು ಕೇಳಿದಳು. ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ.

ಹೆಬ್ಬಾರರು 1911ರಲ್ಲಿ ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದವರು, ಅವರ ರೇಖೆ ಯಕ್ಷಗಾನದಿಂದ ಬಂದದ್ದು ಎಂದು ನಾನು ಇಷ್ಟು ವರ್ಷ ಪಾಠ ಹೇಳಿಕೊಂಡು ಬಂದಿದ್ದೇನೆ. ಆ ಹುಡುಗಿಯ ಪ್ರಶ್ನೆಯ ನಂತರ ನನ್ನ ಪಾಠವನ್ನು ನಾನೇ ಪರೀಕ್ಷಿಸಬೇಕೆನಿಸಿದೆ. ಊರಿನ ಆಟವನ್ನು, ಅಂದರೆ ಯಕ್ಷಗಾನ ಪ್ರದರ್ಶನವನ್ನು, ನೋಡಿ ಬೆಳೆದ ಮಾತ್ರಕ್ಕೆ ಇಂಥ ರೇಖೆ ಕೈಗೆ ಬರುತ್ತದೆಯೇ? ಬರುವುದಾದರೆ ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಹೆಬ್ಬಾರರಿರಬೇಕಾಗಿತ್ತು! ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಬಡಗುತಿಟ್ಟಿನ ಹವ್ಯಾಸಿ, ಕುಂದಾಪುರ

ಮಾಷ್ಟ್ರೇ, ನಿಮ್ಮ ಹಳೆಯ ಪಾಠವನ್ನು ಅಷ್ಟು ಬೇಗ ಕೈಬಿಡಬೇಡಿ. ವಿದ್ಯುತ್ತಿಲ್ಲದ ಕಾಲದಲ್ಲಿ ಒಬ್ಬ ಹುಡುಗ ರಂಗಸ್ಥಳದ ಮುಂದಿನ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕುಳಿತರೆ ಅವನ ಕಣ್ಣಿಗೆ ಏನು ಕಾಣುತ್ತಿತ್ತು ಎಂಬುದನ್ನು ಯೋಚಿಸಿ. ದೀವಟಿಗೆಯ ಬೆಳಕು ಅಲುಗಾಡುತ್ತದೆ. ಆ ಬೆಳಕಿನಲ್ಲಿ ಆಭರಣದ ಕುಸುರಿ, ಬಟ್ಟೆಯ ಚೌಕಳಿ ಎಲ್ಲವೂ ಒಮ್ಮೆ ಕಂಡು ಒಮ್ಮೆ ಮಾಯವಾಗುತ್ತದೆ. ಉಳಿಯುವುದು ಮುಂಡಾಸಿನ ಅಂಚು, ಭುಜದ ಬಾಗು, ಎತ್ತಿದ ಕಾಲು. ವೇಷಧಾರಿ ಚೆಂಡೆಯ ಪೆಟ್ಟಿಗೆ ಸರಿಯಾಗಿ ದಿಗಿಣ ಹಾಕಿದಾಗ, ಅಂದರೆ ಹಾರಿ ಸುತ್ತಿದಾಗ, ಮೈಯೇ ಒಂದು ಗೆರೆಯಾಗಿ ಗಾಳಿಯಲ್ಲಿ ಸುತ್ತಿದಂತೆ ತೋರುತ್ತದೆ. ನಾನು ಮೂವತ್ತು ವರ್ಷದಿಂದ ಬಡಗುತಿಟ್ಟಿನಲ್ಲಿ, ಅಂದರೆ ಯಕ್ಷಗಾನದ ಬಡಗಣ ಶೈಲಿಯಲ್ಲಿ, ಹವ್ಯಾಸಿಯಾಗಿ ಗೆಜ್ಜೆ ಕಟ್ಟುತ್ತಿರುವವನು. ಹೆಬ್ಬಾರರ ಚಿತ್ರಗಳನ್ನು ಕಂಡಾಗ ನನ್ನ ಕಾಲಿಗೆ ಅವುಗಳ ಗುರುತು ಹತ್ತುತ್ತದೆ.

ಇನ್ನೊಂದು ಸಂಗತಿಯನ್ನು ನಾವು ಮರೆಯುತ್ತೇವೆ. ಅವರ ತಂದೆ ಚೌತಿಗೆ ಗಣಪತಿಯ ಮಣ್ಣಿನ ಮೂರ್ತಿಗಳನ್ನು ಮಾಡುತ್ತಿದ್ದರು. ನಮ್ಮ ಮನೆಯ ಪಕ್ಕದಲ್ಲಿಯೂ ಗಣಪತಿ ಮಾಡುವವರಿದ್ದುದರಿಂದ ಆ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. ಸೊಂಡಿಲಿನ ಬಾಗನ್ನು ಹೆಬ್ಬೆರಳು ಒಂದೇ ಓಟದಲ್ಲಿ ತೀಡಬೇಕು. ನಡುವೆ ಅನುಮಾನಿಸಿ ನಿಂತರೆ ಮಣ್ಣಿನಲ್ಲಿ ಬೆರಳಿನ ಗುಳಿ ಉಳಿಯುತ್ತದೆ, ಆಮೇಲೆ ಎಷ್ಟು ನೀರು ಸವರಿದರೂ ಆ ಗುಳಿ ಹೋಗುವುದಿಲ್ಲ. ಅಂಥ ಅಂಗಳದಲ್ಲಿ ಬೆಳೆದ ಮಗುವಿಗೆ ತಡವರಿಸದೆ ಗೆರೆ ಎಳೆಯುವುದನ್ನು ಪ್ರತ್ಯೇಕವಾಗಿ ಯಾರಾದರೂ ಕಲಿಸಬೇಕೇ?

ಕಥಕ್ ವಿದ್ಯಾರ್ಥಿನಿ, ಮುಂಬಯಿ

ಕುಂದಾಪುರದ ಹಿರಿಯರು ಬರೆದ ರಾತ್ರಿಯ ವರ್ಣನೆಯನ್ನು ಓದಿ ತುಂಬ ಸಂತೋಷವಾಯಿತು. ಆದರೆ ಒಂದು ಪ್ರಶ್ನೆಯನ್ನು ಗೌರವದಿಂದಲೇ ಕೇಳುತ್ತೇನೆ. ಯಕ್ಷಗಾನದ ನೋಟವೇ ಸಾಕಾಗಿದ್ದರೆ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಓದಿ, 1940ರಿಂದ 1945ರವರೆಗೆ ಅಲ್ಲಿಯೇ ಅಧ್ಯಾಪಕರೂ ಆಗಿದ್ದ ಒಬ್ಬ ಚಿತ್ರಕಾರರು ಜಯಪುರ ಘರಾಣೆಯ (ಗುರುಪರಂಪರೆಯ) ಪಂಡಿತ್ ಸುಂದರ ಪ್ರಸಾದರ ಬಳಿ ಹೋಗಿ ಕಥಕ್ ಕಲಿತದ್ದು ಏಕೆ? ವೇದಿಕೆ ಏರುವ ಆಸೆಯಿಂದ ಅವರು ಹೋದವರಲ್ಲ. ಲಯವೆಂದರೇನು ಎಂಬುದು ಮೈಗೆ ತಿಳಿಯಬೇಕು ಎಂಬ ಹಂಬಲದಿಂದ ಹೋದರು, ಸುಮಾರು ಎರಡು ವರ್ಷ ಕಲಿತರು. ಕುಣಿತವನ್ನು ನೋಡುತ್ತ ಕುಳಿತು ಚಿತ್ರ ಬರೆದ ಕಲಾವಿದರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಗುರುವಿನ ಮುಂದೆ ನಿಂತು ನೆಲ ತುಳಿದವರು ಎಷ್ಟು ಮಂದಿ?

ಕಲಿಯುವವಳಾಗಿ ನನಗೆ ತಿಳಿದ ಮಟ್ಟಿಗೆ ಇದನ್ನು ಬಿಡಿಸಿ ಹೇಳುತ್ತೇನೆ. ಕಥಕ್ಕಿನಲ್ಲಿ ಮೊದಲು ಬರುವುದು ತತ್ಕಾರ್, ಅಂದರೆ ಬರಿಯ ಪಾದದ ಹೆಜ್ಜೆ. ಹದಿನಾರು ಮಾತ್ರೆಯ, ಅಂದರೆ ಹದಿನಾರು ಎಣಿಕೆಯ, ತೀನ್‌ತಾಲದಲ್ಲಿ ತಿಂಗಳುಗಟ್ಟಲೆ ಅದನ್ನೇ ಮಾಡಿಸುತ್ತಾರೆ. ಕೈ, ಕಣ್ಣು, ಭಾವ ಎಲ್ಲವೂ ಆಮೇಲೆ. ಹಾಗೆ ತುಳಿದು ತುಳಿದು ಒಂದು ದಿನ ಹದಿನಾರನೆಯ ಮಾತ್ರೆಯಲ್ಲಿ ಇರುವಾಗಲೇ ಮುಂದಿನ ‘ಸಮ್’, ಅಂದರೆ ತಾಳದ ಆವರ್ತದ ಮೊದಲ ಪೆಟ್ಟು, ಎಲ್ಲಿ ಬೀಳುತ್ತದೆಂದು ಮೈ ಮೊದಲೇ ತಿಳಿದುಕೊಂಡಿರುತ್ತದೆ. ಚಕ್ಕರ್, ಅಂದರೆ ಸುತ್ತು, ಹಾಕುವಾಗ ಹಿಮ್ಮಡಿ ನೆಲಕ್ಕೆ ಕೀಲಿನಂತೆ ಕಚ್ಚಿಕೊಳ್ಳುತ್ತದೆ, ನೋಟ ಎದುರಿನ ಒಂದು ಬಿಂದುವಿನಲ್ಲಿ ನೆಡುತ್ತದೆ, ಮುಂಡ ತಿರುಗುತ್ತದೆ, ಉಡುಪಿನ ಘೇರು (ಅಗಲವಾದ ಕೆಳಸುತ್ತು) ಅದರ ಹಿಂದೆ ಬರುತ್ತದೆ. ನರ್ತಕಿ ಸಮ್ಮಿಗೆ ಬಂದು ನಿಂತ ಮೇಲೂ ಘೇರು ಇನ್ನೂ ಒಂದು ಸುತ್ತು ಮೈಗೆ ಸುತ್ತಿಕೊಂಡು ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ.

ಈಗ ಹೆಬ್ಬಾರರ ನರ್ತಕಿಯನ್ನು ನೋಡಿ. ದೇಹದ ಗೆರೆ ನಿಂತಿದೆ, ಉಡುಪಿನ ಗೆರೆ ಇನ್ನೂ ಓಡುತ್ತಿದೆ. ಆ ಅರ್ಧ ಮಾತ್ರೆಯ ಅಂತರ ಹೊರಗಿನಿಂದ ನೋಡಿದವರಿಗೆ ಸುಲಭವಾಗಿ ಸಿಕ್ಕುವಂಥದ್ದಲ್ಲ. ನಿಮ್ಮ ಮಕ್ಕಳು ಕಿಟಕಿಯ ಗಾಜಿನ ಮೇಲೆ ಎಲ್ಲ ಗೆರೆಗಳನ್ನೂ ಒಂದೇ ವೇಗದಲ್ಲಿ ಎಳೆದಿರಬೇಕು. ಹಾಗಾಗಿ ಆಕಾರ ಬಂತು, ಕಾಲ ತಪ್ಪಿತು ಎಂದು ನನ್ನ ಊಹೆ.

ಹಳೆಯ ಮುದ್ರಣಾಲಯದವರು, ಹುಬ್ಬಳ್ಳಿ

ಮಾಸ್ತರರೇ, ಕುಣಿತದ ವಿಷಯ ನನಗೆ ತಿಳಿಯದು; ಮಸಿಯ ವಿಷಯ ತಿಳಿಯುತ್ತದೆ. ಅಚ್ಚಿನ ಮೊಳೆ ಜೋಡಿಸುವ ಕಾಲದಿಂದ ಆಫ್‌ಸೆಟ್ ಬರುವ ತನಕ ಮುದ್ರಣದಲ್ಲಿಯೇ ಇದ್ದವನು ನಾನು. ರೇಖಾಚಿತ್ರವನ್ನು ಅಚ್ಚು ಮಾಡಬೇಕಾದರೆ ಅದರ ಫೋಟೋ ತೆಗೆದು, ಸತುವಿನ ತಗಡಿನ ಮೇಲೆ ಮೂಡಿಸಿ, ಆಮ್ಲದಲ್ಲಿ ಕೊರೆದು ಲೈನ್ ಬ್ಲಾಕ್ ಮಾಡುತ್ತಿದ್ದರು. ಲೈನ್ ಬ್ಲಾಕಿಗೆ ಎರಡೇ ಗೊತ್ತು: ಕಪ್ಪು ಮತ್ತು ಬಿಳಿ. ನಡುವಿನ ಬೂದಿಬಣ್ಣ ಬೇಕೆಂದರೆ ಚಿತ್ರವನ್ನು ಸಣ್ಣ ಚುಕ್ಕೆಗಳಾಗಿ ಒಡೆಯುವ ಹಾಫ್‌ಟೋನ್ ಮಾಡಿಸಬೇಕು, ಅದಕ್ಕೆ ನಯವಾದ ಆರ್ಟ್ ಪೇಪರ್ ಬೇಕು, ಖರ್ಚೂ ಹೆಚ್ಚು. ಒರಟು ಕಾಗದದಲ್ಲಿಯೂ ಚೆಲುವಾಗಿ ಬರುತ್ತಿದ್ದುದು ಗಟ್ಟಿ ಮಸಿಯ ರೇಖೆಯೇ. ಆದ್ದರಿಂದ ಪತ್ರಿಕೆ ಮತ್ತು ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದ ಆ ತಲೆಮಾರಿನವರಿಗೆಲ್ಲ ಕಡಿಮೆ ಗೆರೆಯಲ್ಲಿ ಹೆಚ್ಚು ಹೇಳುವ ಶಿಸ್ತು ಬೇಕಾಗಿತ್ತು.

ಹೆಬ್ಬಾರರು 1949–50ರಲ್ಲಿ ಪ್ಯಾರಿಸ್ಸಿಗೆ ಹೋದಾಗ ಅಕಾಡೆಮಿ ಜೂಲಿಯನ್‌ನಲ್ಲಿ ವರ್ಣಚಿತ್ರ ಅಭ್ಯಾಸ ಮಾಡಿದ್ದನ್ನು ಎಲ್ಲರೂ ಹೇಳುತ್ತಾರೆ. ಅದೇ ಊರಿನ ಎಕೋಲ್ ಎಸ್ತಿಯೆನ್‌ನಲ್ಲಿ ಗ್ರಾಫಿಕ್ ಕಲೆಯನ್ನೂ ಅವರು ಅಭ್ಯಾಸ ಮಾಡಿದರೆಂಬುದನ್ನು ಹೇಳುವವರು ಕಡಿಮೆ. ಎಸ್ತಿಯೆನ್ ಎಂದರೆ ಪುಸ್ತಕ ಕಟ್ಟುವ, ಅಚ್ಚು ಹಾಕುವ, ತಗಡು ಕೊರೆಯುವ ಕೆಲಸಗಳ ಶಾಲೆ. ತಗಡಿನ ಮೇಲೆ ಒಮ್ಮೆ ಕೊರೆದ ಗೆರೆಯನ್ನು ಅಳಿಸುವುದು ಬಹಳ ಕಷ್ಟ. ಅಲ್ಲಿ ಕೈ ಪಳಗಿಸಿಕೊಂಡವರು ಕಾಗದದ ಮೇಲೆ ಮಸಿ ಇಳಿಸುವಾಗ ಎಷ್ಟು ಎಚ್ಚರವಾಗಿರುತ್ತಾರೆ, ಅಷ್ಟೇ ಧೈರ್ಯವಾಗಿಯೂ ಇರುತ್ತಾರೆ ಎಂಬುದನ್ನು ನಮ್ಮ ಬ್ಲಾಕ್ ಕೊರೆಯುವವರ ಕೈ ನೋಡಿ ನಾನು ಬಲ್ಲೆ. ಸ್ಫೂರ್ತಿಯ ಮಾತಾಡುವಾಗ ನಾವು ಸಾಮಗ್ರಿಯನ್ನು ಮರೆಯಬಾರದೆಂಬುದಷ್ಟೇ ನನ್ನ ವಿನಂತಿ. ಮಸಿ ತೆಳುವಾದಲ್ಲಿ ಗೆರೆ ಕಡಿಯುತ್ತದೆ, ಕುಂಚ ಒತ್ತಿದಲ್ಲಿ ಉಬ್ಬುತ್ತದೆ. ಆ ಉಬ್ಬುತಗ್ಗುಗಳನ್ನು ಹೆಬ್ಬಾರರು ದೋಷವೆಂದು ತಿದ್ದದೆ ಹಾಗೆಯೇ ಬಿಟ್ಟಿದ್ದಾರೆ.

ಕಲಾ ಇತಿಹಾಸದ ಸಂಶೋಧಕಿ, ಮೈಸೂರು

ಇಲ್ಲಿಯವರೆಗಿನ ಮೂರು ಉತ್ತರಗಳೂ ನನಗೆ ಬೇಕೆನಿಸುತ್ತವೆ, ಆದರೆ ಅವುಗಳನ್ನು ಕಾಲಕ್ರಮದಲ್ಲಿ ಜೋಡಿಸಿ ನೋಡದಿದ್ದರೆ ಚಿತ್ರ ಪೂರ್ಣವಾಗುವುದಿಲ್ಲ. ಹೆಬ್ಬಾರರು ನಮ್ಮ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿಯೂ ಕೆಲಕಾಲ ಇದ್ದು, ನಂತರ ಮುಂಬಯಿಗೆ ಹೋದರು. ಜೆ. ಜೆ. ಶಾಲೆಯಲ್ಲಿ ಆಗ ಕಲಿಸುತ್ತಿದ್ದುದು ಮುಖ್ಯವಾಗಿ ಯುರೋಪಿನ ಅಕಾಡೆಮಿಕ್ ಪದ್ಧತಿ: ಎದುರಿಗಿರುವ ವಸ್ತುವಿನ ಮೇಲೆ ಬೆಳಕು ಹೇಗೆ ಬೀಳುತ್ತದೆ, ಮಾಂಸಖಂಡ ಹೇಗೆ ಉಬ್ಬುತ್ತದೆ ಎಂಬುದನ್ನು ನೆರಳಿನಿಂದ ತೋರಿಸುವುದು. ಆ ಪದ್ಧತಿಯಲ್ಲಿ ಗೆರೆಗೆ ಸ್ವಂತ ಬದುಕಿಲ್ಲ. ನೆರಳು ತುಂಬಿದ ಮೇಲೆ ಅದು ಮರೆಯಾಗಬೇಕು. 1938ರಲ್ಲಿ ಡಿಪ್ಲೊಮಾ ಮುಗಿಸಿದ ಹೆಬ್ಬಾರರಿಗೆ ಆ ಕೌಶಲ ಕೈವಶವಾಗಿತ್ತು, ಸಮಾಧಾನ ಮಾತ್ರ ಸಿಕ್ಕಿರಲಿಲ್ಲ.

ಅದೇ ವರ್ಷಗಳಲ್ಲಿ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ಕೃತಿಗಳು ಮುಂಬಯಿಯ ಕಲಾವಿದರ ಗಮನ ಸೆಳೆದವು. ಪ್ಯಾರಿಸ್ಸಿನಲ್ಲಿ ಕಲಿತು ಬಂದ ಶೇರ್‌ಗಿಲ್ ಅಜಂತಾ ನೋಡಿ, ದಕ್ಷಿಣ ಭಾರತ ಸುತ್ತಿ, ತಮ್ಮ ಚಿತ್ರದ ಮೈಕಟ್ಟನ್ನೇ ಬದಲಿಸಿಕೊಂಡರು. ಹೆಬ್ಬಾರರಿಗೂ ಅದು ದಾರಿ ತೋರಿತು. ಅಜಂತಾದ ಕೆಂಪು ಕಾವಿಯ ಬಾಹ್ಯರೇಖೆ, ಪಶ್ಚಿಮ ಭಾರತದ ಜೈನ ಹಸ್ತಪ್ರತಿಗಳಲ್ಲಿನ ಚೂಪು ಮೂಗು ಮತ್ತು ಕೆನ್ನೆಯ ಆಚೆಗೆ ಚಾಚಿಕೊಂಡ ಎರಡನೆಯ ಕಣ್ಣು, ಸಪಾಟಾದ ಬಣ್ಣದ ಪಟ್ಟಿಗಳು, ಇವೆಲ್ಲವನ್ನೂ ಅವರು ಅಭ್ಯಾಸ ಮಾಡಿದರು. ಕೇರಳದ ಪ್ರವಾಸದಿಂದ ಹುಟ್ಟಿದ ವರ್ಣಚಿತ್ರಗಳಲ್ಲಿ ಇದರ ಫಲ ಕಾಣುತ್ತದೆ. ಆದರೆ ಆ ಹಂತದಲ್ಲಿ ರೇಖೆ ಇನ್ನೂ ಬಣ್ಣಕ್ಕೆ ಕಟ್ಟಿದ ಬೇಲಿಯೇ. ಬೇಲಿ ಕಿತ್ತು ರೇಖೆ ತಾನಾಗಿಯೇ ಹೊರಟು ನಡೆಯಬೇಕಾದರೆ ಅದಕ್ಕೆ ಒಂದು ಒಳಗಿನ ಚಲನೆ ಬೇಕಾಗಿತ್ತು, ಅದನ್ನು ಕೊಟ್ಟದ್ದು ನೃತ್ಯ ಎಂಬ ಮುಂಬಯಿಯ ಸಹೋದರಿಯ ಮಾತನ್ನು ನಾನು ಒಪ್ಪುತ್ತೇನೆ.

ಇದಕ್ಕೆ ನಮ್ಮಲ್ಲಿ ಬಹಳ ಹಳೆಯ ಸಾಕ್ಷಿಯೊಂದಿದೆ. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ವಜ್ರ ಮಹಾರಾಜನು ಮಾರ್ಕಂಡೇಯ ಮುನಿಯನ್ನು ಮೂರ್ತಿ ಮಾಡುವುದನ್ನು ಕಲಿಸೆಂದು ಕೇಳುತ್ತಾನೆ. ಮುನಿಯು, ಚಿತ್ರಸೂತ್ರ ತಿಳಿಯದವನಿಗೆ ಮೂರ್ತಿಯ ಲಕ್ಷಣ ತಿಳಿಯದು, ನೃತ್ಯಶಾಸ್ತ್ರ ತಿಳಿಯದವನಿಗೆ ಚಿತ್ರಸೂತ್ರ ತಿಳಿಯುವುದು ಬಹಳ ಕಷ್ಟ, ವಾದ್ಯವಿಲ್ಲದೆ ನೃತ್ಯ ತಿಳಿಯದು, ಗೀತವಿಲ್ಲದೆ ವಾದ್ಯ ತಿಳಿಯದು ಎಂದು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಸಿಕೊಂಡು ಹೋಗುತ್ತಾನೆ. ರೇಖೆಯನ್ನು ಆಚಾರ್ಯರು ಹೊಗಳುತ್ತಾರೆ, ನೆರಳನ್ನು ವಿಚಕ್ಷಣರು (ವಿವೇಕಿಗಳು) ಹೊಗಳುತ್ತಾರೆ, ಹೆಂಗಸರು ಆಭರಣವನ್ನು ಬಯಸುತ್ತಾರೆ, ಉಳಿದವರಿಗೆ ಬಣ್ಣದ ಸಮೃದ್ಧಿ ಬೇಕು ಎಂಬ ಮಾತೂ ಅಲ್ಲಿಯೇ ಬರುತ್ತದೆ. ಹೆಂಗಸರ ಬಗೆಗಿನ ಮಾತನ್ನು ನಾನು ಒಪ್ಪಲಾರೆ. ಆದರೆ ರೇಖೆಯನ್ನು ಎಲ್ಲಕ್ಕಿಂತ ಮೇಲಿಟ್ಟದ್ದು ಗಮನಿಸತಕ್ಕದ್ದು. ಇಪ್ಪತ್ತನೆಯ ಶತಮಾನದ ಮುಂಬಯಿಯಲ್ಲಿ ಒಬ್ಬ ಕರಾವಳಿಯ ಚಿತ್ರಕಾರ ಆ ಮೆಟ್ಟಿಲುಗಳನ್ನು ಕಾಲಿಗೆ ಗೆಜ್ಜೆ ಕಟ್ಟಿಕೊಂಡೇ ಇಳಿದರು ಎಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ. ತಮ್ಮ ಮಗಳಿಗೆ ಅವರಿಟ್ಟ ಹೆಸರು ರೇಖಾ, ಆಕೆಯೂ ಚಿತ್ರಕಲಾವಿದೆಯಾದರು.

ಬಡಗುತಿಟ್ಟಿನ ಹವ್ಯಾಸಿ, ಕುಂದಾಪುರ

ಅಕ್ಕ, ನೀವು ಕಾಲಕ್ರಮ ಹೇಳಿದ ಮೇಲೆ ನನ್ನ ಮೊದಲಿನ ಮಾತು ಅರ್ಧ ಸತ್ಯವೆಂದು ಒಪ್ಪಿಕೊಳ್ಳುತ್ತೇನೆ. ನೋಡಿ ಬೆಳೆದದ್ದು ಬೇರೆ, ಕಲಿತು ಪಡೆದದ್ದು ಬೇರೆ. ಆದರೂ ಒಂದು ಮಾತನ್ನು ಬಿಟ್ಟುಕೊಡಲಾರೆ. ಹೆಬ್ಬಾರರ ವಾದಕರು, ದುಡಿಯುವವರು, ಕೋಳಿ ಅಂಕದ ಹುಂಜಗಳು ಎಲ್ಲವೂ ನೆಲಕ್ಕೆ ತೂಕ ಬಿಟ್ಟು ನಿಂತಿವೆ. ಕಥಕ್ಕಿನ ನರ್ತಕಿ ನೇರವಾಗಿ ನಿಂತು ತಿರುಗುತ್ತಾಳೆ. ನಮ್ಮ ವೇಷಧಾರಿ ಮಂಡಿ ಬಗ್ಗಿಸಿ, ನೆಲವನ್ನು ಒದ್ದು ಏಳುತ್ತಾನೆ. ಆ ತೂಕ ಮುಂಬಯಿಯಲ್ಲಿ ಸಿಕ್ಕಿತೆಂದು ನನಗೆ ತೋರುವುದಿಲ್ಲ. ಗದ್ದೆಯ ಅಂಚಿನಲ್ಲಿ ಹುಟ್ಟಿದವರಿಗೆ ಅದು ಮೊದಲೇ ಗೊತ್ತಿರುತ್ತದೆ.

ಸಂಜೆಯ ಚಿತ್ರಗಾರ, ಸಿಂಗಪುರ

ಹಿರಿಯರಿಗೆಲ್ಲ ನಮಸ್ಕಾರ. ನಾನು ಓದಿದ್ದು ಇಂಜಿನಿಯರಿಂಗ್. ಕೆಲಸ ಮುಗಿಸಿ ಬಂದ ಮೇಲೆ ದಿನವೂ ಅರ್ಧ ಗಂಟೆ ಚಿತ್ರ ಬಿಡಿಸುತ್ತೇನೆ. ನಿಮ್ಮ ಮಾತುಗಳನ್ನೆಲ್ಲ ಓದುತ್ತ ಸ್ವಲ್ಪ ಅಧೈರ್ಯವೂ ಆಯಿತು. ನೃತ್ಯ ಕಲಿಯದವನು, ಆಟ ನೋಡದವನು, ತಗಡು ಕೊರೆಯದವನು ಹೆಬ್ಬಾರರ ರೇಖೆಯಿಂದ ಕಲಿಯುವುದಾದರೂ ಏನನ್ನು? ಗಾಜಿನ ಮೇಲೆ ಇಟ್ಟು ನಕಲು ಮಾಡುವುದು ವ್ಯರ್ಥವೆಂದಾದರೆ ಬೇರೆ ದಾರಿ ಯಾವುದು?

ಕಥಕ್ ವಿದ್ಯಾರ್ಥಿನಿ, ಮುಂಬಯಿ

ಅಧೈರ್ಯ ಪಡಬೇಡಿ. ನಾನು ನಿಮಗಿಂತ ಕೆಟ್ಟ ಸ್ಥಿತಿಯಲ್ಲಿದ್ದೇನೆ. ನೃತ್ಯ ಗೊತ್ತು, ಚಿತ್ರ ಬರೆಯಲು ಬಾರದು. ಆದರೂ ಈ ಚರ್ಚೆಯ ನಂತರ ನನ್ನದೇ ಚಕ್ಕರನ್ನು ಬರೆಯಲು ಪ್ರಯತ್ನಿಸಿದೆ. ಅಭ್ಯಾಸವಿಲ್ಲದವರೆಲ್ಲ ಮಾಡುವಂತೆ ಮುಖದಿಂದ ಆರಂಭಿಸಿದಾಗ ಏನೂ ಆಗಲಿಲ್ಲ. ಆಮೇಲೆ ಹಿಮ್ಮಡಿಯಲ್ಲಿ ಒಂದು ಚುಕ್ಕೆ ಇಟ್ಟು, ಅಲ್ಲಿಂದ ಮೇಲಕ್ಕೆ ಬೆನ್ನಿನ ಗೆರೆಯನ್ನು ಎಳೆದೆ. ಕೈಗಳು ಎಲ್ಲಿಗೆ ಬರಬೇಕೋ ಅಲ್ಲಿಗೆ ತಾವಾಗಿ ಬಂದವು. ಚಿತ್ರ ಚೆನ್ನಾಗಿಲ್ಲ, ಆದರೆ ನಮ್ಮ ತರಗತಿಯ ಹುಡುಗಿಯೊಬ್ಬಳು ನೋಡಿದ ಕೂಡಲೇ “ಇದು ಎರಡನೆಯ ಸುತ್ತು” ಎಂದು ಗುರುತಿಸಿದಳು.

ಕರಾವಳಿಯ ಚಿತ್ರಕಲಾ ಶಿಕ್ಷಕ

ಎಲ್ಲರಿಗೂ ಕೃತಜ್ಞತೆಗಳು. ಸಿಂಗಪುರದ ಮಿತ್ರರ ಪ್ರಶ್ನೆಗೆ ನಾನು ಮಾಡಿ ನೋಡಿದ್ದನ್ನೇ ಬರೆಯುತ್ತೇನೆ. ಮುಂಬಯಿಯ ತಂಗಿ ವೇಗದ ಬಗ್ಗೆ ಹೇಳಿದ್ದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಕಳೆದ ಶನಿವಾರ ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ, ಮಕ್ಕಳಿಗೆ ಹಳೆಯ ಕ್ಯಾಲೆಂಡರುಗಳ ಹಿಂಬದಿಯನ್ನು ನೆಲದ ಮೇಲೆ ಹಾಸಿಕೊಳ್ಳಲು ಹೇಳಿದೆ. ಪೆನ್ಸಿಲ್, ರಬ್ಬರ್ ಎರಡನ್ನೂ ದೂರ ಇಡಿಸಿ ಕುಂಚ ಮತ್ತು ಮಸಿ ಕೊಟ್ಟೆ. ಚೆಂಡೆ ಬಾರಿಸಲು ಬಲ್ಲ ಒಬ್ಬ ಹುಡುಗ ಮೂಲೆಯಲ್ಲಿ ನಿಂತು ಬಾರಿಸಿದ, ಇನ್ನೊಬ್ಬ ಹುಡುಗ ನಡುವೆ ಕುಣಿದ. ಉಳಿದವರು ಮೊದಲ ಹತ್ತು ನಿಮಿಷ ಏನನ್ನೂ ಬರೆಯದೆ, ಕುಳಿತಲ್ಲಿಯೇ ಕಾಲಿನಿಂದ ತಾಳ ಹಾಕಬೇಕು. ಆಮೇಲೆ ತಾಳವನ್ನು ನಿಲ್ಲಿಸದೆಯೇ ಗೆರೆ ಎಳೆಯಬೇಕು. ಒಂದು ಗೆರೆ ತಪ್ಪಿದರೆ ಅದನ್ನು ಹಾಗೆಯೇ ಬಿಟ್ಟು ಮುಂದಿನದಕ್ಕೆ ಹೋಗಬೇಕು ಎಂದು ಹೇಳಿದ್ದೆ.

ಮೊದಲ ಹಾಳೆಗಳು ಬರಿಯ ಗೀಚಾಟವಾಗಿದ್ದವು. ಮೂರನೆಯ, ನಾಲ್ಕನೆಯ ಹಾಳೆಯಲ್ಲಿ ಕೆಲವರ ಗೆರೆ ಉದ್ದವಾಯಿತು. ಪೆಟ್ಟು ಬಿದ್ದಲ್ಲಿ ಕುಂಚ ಒತ್ತಿತು, ಪೆಟ್ಟಿನ ನಡುವೆ ತೇಲಿತು. ಹುಬ್ಬಳ್ಳಿಯ ಹಿರಿಯರು ಹೇಳಿದ ಆ ಉಬ್ಬುತಗ್ಗು ಯಾರೂ ಹೇಳಿಕೊಡದೆಯೇ ಅಲ್ಲಿ ಕಾಣಿಸಿಕೊಂಡಿತು. ಅಂಗಾಂಗಗಳ ಅಳತೆ ಎಲ್ಲರದ್ದೂ ತಪ್ಪಿತ್ತು. ಒಬ್ಬನ ಚಿತ್ರದಲ್ಲಿ ಕುಣಿಯುವವನಿಗೆ ಮೂರು ಕಾಲುಗಳಾಗಿದ್ದವು, ಏಕೆಂದರೆ ಅವನು ಬರೆಯುವಷ್ಟರಲ್ಲಿ ಕಾಲು ಸ್ಥಳ ಬದಲಿಸಿತ್ತು. ಅದನ್ನು ತಿದ್ದಬೇಡವೆಂದೆ.

ಹಾಗಾಗಿ ಸಿಂಗಪುರದ ಮಿತ್ರರೇ, ನಿಮಗೆ ಯಾವುದರ ಲಯ ಮೈಗೆ ಗೊತ್ತಿದೆಯೋ ಅದನ್ನೇ ಬರೆಯಿರಿ: ಈಜು, ಸೈಕಲ್ಲು, ಚಪಾತಿ ಲಟ್ಟಿಸುವುದು, ಏನಾದರೂ ಸರಿ. ಬೆಂಗಳೂರಿಗೆ ಬಂದಾಗ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೆ ಹೋಗಿ, ಅಲ್ಲಿ ಹೆಬ್ಬಾರರ ಕೃತಿಗಳ ಸಂಗ್ರಹವಿದೆ. ವರ್ಣಚಿತ್ರಗಳಲ್ಲಿಯೂ ಬಣ್ಣದ ಅಡಿಯಲ್ಲಿ ಗೆರೆ ಎಲ್ಲಿಂದ ಹೊರಟಿದೆ ಎಂಬುದನ್ನು ಹುಡುಕುತ್ತ ಒಂದೊಂದರ ಮುಂದೆಯೂ ಸಾಕಷ್ಟು ಹೊತ್ತು ನಿಲ್ಲಿ.

ಮೊದಲು ಪ್ರಶ್ನೆ ಕೇಳಿದ ಆ ಹುಡುಗಿ ತನ್ನ ಐದನೆಯ ಹಾಳೆಯನ್ನು ನನಗೆ ಕೊಡಲಿಲ್ಲ. ಮನೆಯಲ್ಲಿ ಅಜ್ಜನಿಗೆ ತೋರಿಸಬೇಕೆಂದು ಸುರುಳಿ ಸುತ್ತಿ, ಮಸಿ ಒಣಗುವ ಮೊದಲೇ ತೆಗೆದುಕೊಂಡು ಹೋದಳು.